ಏಳು ಬಿಟ್ಟು ಬೇರೆ ಹೇಳದ ಮೀಟರು

ಪೀಣ್ಯದಲ್ಲಿ ಶ್ಯಾಮಣ್ಣನ ಪ್ಲೇಟಿಂಗ್ ಶೆಡ್ಡಿದೆ. ನಲ್ಲಿ, ಹಿಡಿಕೆ, ಬೋಲ್ಟುಗಳಿಗೆ ನಿಕ್ಕಲ್ ಹೊಳಪು ಕೊಡುವ ಆ ಶೆಡ್ಡಿನಲ್ಲಿ ಲಕ್ಷ್ಮವ್ವ ಹತ್ತೊಂಬತ್ತು ವರ್ಷದಿಂದ ಸಾಮಾನು ತೊಳೆಯುತ್ತಾಳೆ. ಊರು ಲಿಂಗಸುಗೂರಿನ ಕಡೆ, ಬಾಡಿಗೆ ಕೋಣೆ ರಾಜಗೋಪಾಲನಗರದಲ್ಲಿ. ಎಡಗಾಲಿನ ಎರಡು ಬೆರಳಿಗೆ ಉಗುರಿಲ್ಲ. ಸೇರಿದ ವರ್ಷ ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾದ ನೀರಿನಲ್ಲಿ ಬರಿಗಾಲಲ್ಲಿ ನಿಂತ ಫಲ ಅದು. ಆಸಿಡ್ಡಾದರೆ ತಾಗಿದ ಕೂಡಲೇ ಚುರ್ ಎಂದು ಎಚ್ಚರಿಸುತ್ತದೆ. ಕಾಸ್ಟಿಕ್ ಹಾಗಲ್ಲ, ಸೋಪಿನ ನೀರಿನಂತೆ ನುಣ್ಣಗೆ ಜಾರುತ್ತದೆ, ಹಿತವಾಗಿಯೇ ಇರುತ್ತದೆ, ಸಂಜೆಗೆ ಚರ್ಮ ಕಿತ್ತು ಬರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಹೇಳಿಕೊಡಲೆಂದೇ ಸಂಬಳ ಎಣಿಸುವ ಮಹಾನುಭಾವನೊಬ್ಬನಿದ್ದಾನೆ. ಶಿವಶಂಕರ, ಶ್ಯಾಮಣ್ಣನ ಬಾಮೈದ, ಕ್ವಾಲಿಟಿ ಇನ್‌ಚಾರ್ಜ್. ಅಕ್ಕನನ್ನು ಶ್ಯಾಮಣ್ಣನಿಗೆ ಕೊಟ್ಟಿದ್ದೇ ಅವನ ಡಿಗ್ರಿ. ಅವನ ಕೈಯಲ್ಲೊಂದು ಪಿಎಚ್ ಮೀಟರು. ನೀರಿಗೆ ಅದ್ದಿದರೆ ಅಂಕಿ ತೋರಿಸುತ್ತದೆ: ಏಳಾದರೆ ಬರೀ ನೀರು, ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಕ್ಷಾರ. ಮೀಟರು ಸರಿಯಿದೆಯೇ ಎಂದು ನೋಡಲು ಬಫರ್ ದ್ರಾವಣದ ಮೂರು ಬಾಟಲಿ ಕೊಟ್ಟಿರುತ್ತಾರೆ. ನಾಲ್ಕರದು, ಏಳರದು, ಒಂಬತ್ತರದು. ಬಫರ್ ಎಂದರೆ ಚೂರುಪಾರು ಹುಳಿಯೋ ಸುಣ್ಣವೋ ಬಿದ್ದರೂ ತನ್ನ ಅಂಕಿ ಬಿಟ್ಟುಕೊಡದ ನೀರು. ಶಿವಶಂಕರನೂ ಅದೇ ಪೈಕಿ, ಎಷ್ಟು ಬುದ್ಧಿ ಸುರಿದರೂ ಬದಲಾಗುವವನಲ್ಲ. ಏಳರ ಬಾಟಲಿ ಒಂದನ್ನೇ ತೆರೆದಿದ್ದ. ಉಳಿದೆರಡು ಸೀಲೊಡೆಯದೆ ಕಪಾಟಿನಲ್ಲಿ ಕೂತಿದ್ದವು.

“ನಮಗೆ ಬೇಕಾಗಿರೋದೇ ಏಳು ಕಣ್ರೀ. ಮಿಕ್ಕಿದ್ದು ಯಾಕೆ ದಂಡ?” ಎನ್ನುತ್ತಿದ್ದ.

ಹೋದ ವರ್ಷದ ಆಯುಧಪೂಜೆಯಲ್ಲಿ ಈ ಭಕ್ತಶಿರೋಮಣಿ ಮೀಟರಿನ ತುದಿಯ ಗಾಜಿನ ಬುರುಡೆಗೇ ಗಂಧ ಬಳಿದು, ಹೆಬ್ಬೆರಳಲ್ಲಿ ಒತ್ತಿ ಕುಂಕುಮ ಇಟ್ಟ. ಈರುಳ್ಳಿ ಸಿಪ್ಪೆಯಂಥ ಗಾಜು, ಸಣ್ಣಗೆ ಬಿರುಕು ಬಿಟ್ಟಿತು. ಅಂದಿನಿಂದ ಆ ಮೀಟರು ಎಲ್ಲಿ ಅದ್ದಿದರೂ ಏಳೇ. ಏಳರ ಬಾಟಲಿಯಲ್ಲಿ ಅದ್ದಿದರೂ ಏಳು, ಪರೀಕ್ಷೆ ಪಾಸು! ನಿಂತ ಗಡಿಯಾರವನ್ನು ಅದು ನಿಂತ ಹೊತ್ತಿಗೇ ನೋಡಿ ಭೇಷ್ ಎಂದ ಹಾಗೆ. ರಿಜಿಸ್ಟರಿನ ತುಂಬ ಏಳು ಕಂಡು ಶ್ಯಾಮಣ್ಣ ಬಾಮೈದನಿಗೊಂದು ವಾಚು ಬೇರೆ ಕೊಡಿಸಿದ.

ಈ ವರ್ಷದ ಪೂಜೆಯ ಬೆಳಿಗ್ಗೆ ಸಾಮಾನು ತೊಳೆಯುವ ತೊಟ್ಟಿಗಿಳಿದು ಉಜ್ಜುವ ಸರದಿ ಶಾಂಭವಿಯದು. ಅವಳು ಲಕ್ಷ್ಮವ್ವನ ಸೊಸೆ, ಕೆಲಸಕ್ಕೆ ಸೇರಿ ಮೂರು ವಾರ. ತೊಟ್ಟಿಯ ತಳದಲ್ಲಿ ಇನ್ನೂ ಗೇಣುದ್ದ ನೀರಿತ್ತು. ಗಂಬೂಟು ಇಲ್ಲವೆಂದಲ್ಲ, ಎರಡು ಜೊತೆ ಇವೆ, ಆಫೀಸಿನ ಬೀರುವಿನಲ್ಲಿ. ತಪಾಸಣೆಯವರು ಬಂದಾಗ ಫೋಟೋಗೆ ಹೊರಗೆ ಬರುತ್ತವೆ. ಹುಡುಗಿ ಸೀರೆ ಎತ್ತಿ ಕಟ್ಟಿ ಅಂಚಿನ ಮೇಲೆ ಕೂತಳು. ಅಷ್ಟರಲ್ಲಿ ಪಕ್ಕದ ಕಾಸ್ಟಿಕ್ ತೊಟ್ಟಿ ನಿನ್ನೆಗಿಂತ ನಾಲ್ಕು ಬೆರಳು ಇಳಿದಿರುವುದು ಲಕ್ಷ್ಮವ್ವನ ಕಣ್ಣಿಗೆ ಬಿತ್ತು. ಇಳಿದದ್ದು ಎಲ್ಲಿಗೆ ಹೋಯಿತು? ಸೋರಿ ಈ ತೊಟ್ಟಿಗೇ ಬಂದಿದ್ದರೆ?

“ಶಾಂಭವಿ, ಕಾಲು ಮ್ಯಾಲ ತಗಿ!”

ಶಿವಶಂಕರ ರೇಷ್ಮೆ ಪಂಚೆ ಎತ್ತಿಕೊಂಡು ಬಂದು ಮೀಟರು ಅದ್ದಿದ. “ನೋಡಮ್ಮ, ಏಳು. ಬರೀ ನೀರು. ಇಳಿಸು ಅವಳನ್ನ, ರಾಹುಕಾಲ ಬಂದ್ಬಿಡುತ್ತೆ.”

ಲಕ್ಷ್ಮವ್ವ ಪೂಜೆಯ ತಟ್ಟೆಯಿಂದ ಅರಿಶಿನ ತೆಗೆದು ಒದ್ದೆ ಮಾಡಿ ಬಟ್ಟೆ ಚೂರಿಗೆ ಬಳಿದಳು. ಅರಿಶಿನದ ಸೀರೆಗೆ ಸೋಪು ತಾಗಿದರೆ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಕಡ್ಡಿಗೆ ಸಿಕ್ಕಿಸಿ ಮೊದಲು ನಲ್ಲಿ ನೀರಿಗೆ ಹಿಡಿದಳು, ಹಳದಿ ಹಾಗೇ ಇತ್ತು. ತೊಟ್ಟಿಗೆ ಅದ್ದಿದಳು. ರಕ್ತದಂತೆ ಕೆಂಪಾಯಿತು.

“ಕುಂಕುಮ ಬೆರೆತಿರುತ್ತೆ. ಮೀಟರಿಗಿಂತ ನಿನ್ನ ಚಿಂದಿ ದೊಡ್ಡದಾ?”

ಗಲಾಟೆ ಕೇಳಿ ಶ್ಯಾಮಣ್ಣ ಬಂದ. ಲಕ್ಷ್ಮವ್ವ ತಟ್ಟೆಯ ನಿಂಬೆಹಣ್ಣು ಕೊಯ್ದು ಲೋಟಕ್ಕೆ ಹಿಂಡಿದಳು. “ಸಾಹೇಬ್ರ, ನಿಮ್ಮ ಮೀಟರ್ ಇದರಾಗ ಇಡ್ರಿ.”

ಶಿವಶಂಕರ ಇಟ್ಟ. ಏಳು.

“ಅಲ್ಲೋ,” ಎಂದ ಶ್ಯಾಮಣ್ಣ, “ನಿಂಬೆಹಣ್ಣೂ ನೀರೇನೋ?”

“ಹಣ್ಣು ಹಳೇದಿರಬೇಕು ಭಾವ.” ನೋಡಿ, ನಾಚಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ!

ಲಕ್ಷ್ಮವ್ವನಿಗೆ ರೇಗಿತು. ಹತ್ತೊಂಬತ್ತು ವರ್ಷ ಹಲ್ಲು ಕಚ್ಚಿಕೊಂಡದ್ದೆಲ್ಲ ಬಾಯಿಗೆ ಬಂತು. “ಬರೀ ನೀರು ಅಂತೀರಲ್ರೀ, ಹಂಗಾರ ನೀವ ಒಂದು ಕೈ ಹಾಕ್ರಿ. ಆಮ್ಯಾಲ ನನ್ನ ಸೊಸಿ ಇಳೀತಾಳ.”

ಶಿವಶಂಕರನ ಕೈ ತೊಟ್ಟಿಯ ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಎಲ್ಲರೂ ನೋಡುತ್ತಿದ್ದರು.

“ನಾನು ಮಡೀಲಿದ್ದೀನಿ,” ಎಂದು ಕೈ ಹಿಂದಕ್ಕೆಳೆದುಕೊಂಡ.

ಯಾರೋ ಕಿಸಕ್ಕೆಂದರು. ಶ್ಯಾಮಣ್ಣ ತಾನೇ ಹೋಗಿ ಬೀರು ತೆರೆದು ಗಂಬೂಟು ತಂದು ಬಾಮೈದನ ಮುಂದೆ ಹಾಕಿದ. ಕ್ಷಾರ ಮುರಿಯಲು ತೊಟ್ಟಿಯ ನೀರಿಗೆ ತೆಳು ಆಸಿಡ್ಡನ್ನು ಚೂರುಚೂರೇ ಬೆರೆಸುತ್ತಾ ಹೋದರು. ಅದ್ದಿದ ಅರಿಶಿನದ ಬಟ್ಟೆ ಕೆಂಪಾಗದೆ ಹಳದಿಯಾಗಿಯೇ ಉಳಿಯುವ ಹೊತ್ತಿಗೆ ರಾಹುಕಾಲ ಬಂದು, ಹೋಗಿಯೂ ಆಗಿತ್ತು. ಶಿವಶಂಕರನೇ ಇಳಿದು ಉಜ್ಜಿದ.

ಹದಿನೈದು ದಿನಕ್ಕೆ ಹೊಸ ಮೀಟರು ಬಂತು. ಶಿವಶಂಕರ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ. “ಇನ್ಮೇಲೆ ತೊಟ್ಟಿ ಹತ್ರ ಅರಿಶಿನ ಗಿರಿಶಿನ ತರಂಗಿಲ್ಲ. ಇದು ಕಂಪನಿ, ಮೂಢನಂಬಿಕೆ ನಡೆಯಲ್ಲ,” ಎಂದ. ಎಂದವನೇ ಮೀಟರಿಗೆ ಕುಂಕುಮ ಇಟ್ಟು ಕೈಮುಗಿದ.

ಹೆಂಗಸರು ಹೂಂ ಎಂದರು. ಆದರೆ ಲಕ್ಷ್ಮವ್ವನ ಸೆರಗಿನ ಗಂಟಿನಲ್ಲಿರುವ ಹಳದಿ ಬಟ್ಟೆ ಹಳದಿಯಾಗಿಯೇ ಹೊರಬರುವವರೆಗೆ ಇವತ್ತಿಗೂ ಒಬ್ಬಳೂ ತೊಟ್ಟಿಗೆ ಕಾಲಿಡುವುದಿಲ್ಲ. ಶಾಂಭವಿಯ ಕಾಲಲ್ಲಿ ಹತ್ತು ಉಗುರೂ ಇವೆ. ಲಕ್ಷ್ಮವ್ವನಿಗೆ ಎಂಟು.