ಕೋಳಿ ಮುಟ್ಟಿದ ಕೈ

ಕೋಳಿ ರೋಗಕ್ಕೆ ಲಸಿಕೆ ಮಾಡುವವರು ಮನೆಯಲ್ಲಿ ಕೋಳಿ ಸಾಕುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಮುಟ್ಟಿದರೆ ಕೆಲವು ದಿನ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೋಣೆಗೆ ಕಾಲಿಡಬಾರದು. ಮಡಿ ಅಂದರೆ ನಗುವ ನಾನು ಈ ಮಡಿಗೆ ಮಾತ್ರ ತಲೆಬಾಗಿದ್ದೆ.

ಆ ಬೆಳಿಗ್ಗೆ ವಿಜಯಪುರದ ಬಸ್ಸಿಳಿದು ಅತ್ತೆ ಪುಣೆಯ ನಮ್ಮ ಫ್ಲ್ಯಾಟಿಗೆ ಬಂದರು. ನಾನು ಡೆಂಗಿ ಜ್ವರದಿಂದ ಎದ್ದು ಕೆಲಸಕ್ಕೆ ಹೋಗತೊಡಗಿ ಸ್ವಲ್ಪ ದಿನವಾಗಿತ್ತು. ಅವರು ಕೈಚೀಲ ನೆಲಕ್ಕಿಟ್ಟಿದ್ದೇ ತಡ, ಜವಾರಿ ಕೋಳಿಯೊಂದು ಹೊರಗೆ ಹಾರಿ ಬಾಲ್ಕನಿಯತ್ತ ಓಡಿತು. ಯೋಚಿಸುವ ಮೊದಲೇ ಎರಡೂ ಕೈಯಿಂದ ಅದನ್ನು ಹಿಡಿದುಬಿಟ್ಟಿದ್ದೆ.

“ಶಾಣ್ಯಾಕಿ ಅದಿ ನೋಡು! ಇದರ ಸಾರು ಕುಡದ್ರ ಮೈಯಾಗ ಕಸುವು ಬರ್ತದ,” ಎಂದರು ಅತ್ತೆ.

“ಅತ್ತಿ, ಏನ್ ಮಾಡಿದ್ರಿ! ನಾ ಕೋಳಿ ಮುಟ್ಟಂಗಿಲ್ರಿ!”

“ಕೋಳಿ ಜಡ್ಡಿಗೆ ಔಷಧ ಮಾಡಾಕಿ ಕೋಳಿ ಮುಟ್ಟಂಗಿಲ್ಲೇನು? ಭಾಳ ಚಂದ ಆತು!”

ನನಗೆ ನಗು ಬರಲಿಲ್ಲ. ಗಂಬೋರೋ ಎಂಬ ಕೋಳಿ ರೋಗದ ವೈರಸ್ಸನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಯುವಂತೆ ಪಳಗಿಸಲು ತಿಂಗಳುಗಟ್ಟಲೆ ಹೆಣಗಿದ್ದೆ. ಕೋಶಗಳನ್ನು ಮಕ್ಕಳಂತೆ ಸಾಕಿ, ಆಮೇಲೆ ಅವು ಸಾಯಲಿ ಎಂದು ಕಾಯುವ ಕೆಲಸ. ಬಾಟಲಿಯ ತಳಕ್ಕೆ ಅಂಟಿದ ಕೋಶಗಳು ಗುಂಡಗಾಗಿ ಕಳಚಿಕೊಂಡರೆ ವೈರಸ್ ಹತ್ತಿದೆ ಎಂದರ್ಥ. ಹಿಂದಿನ ಸಂಜೆ ಮೊದಲ ಸಲ ಅವು ಕಳಚತೊಡಗಿದ್ದವು. ಇವತ್ತು ವೈರಸ್ ತೆಗೆಯದಿದ್ದರೆ ಅದರ ಶಕ್ತಿ ಕುಂದಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಸ್ನಾನ ಮಾಡಿ ಸುಮ್ಮನೆ ಹೋಗಿಬಿಡಲೇ? ಯಾರು ನೋಡಿದ್ದಾರೆ? ಕೆಳಗೆ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು. ಸೋಪು ಹಚ್ಚಿ ಹಚ್ಚಿ ಕೈ ತೊಳೆದೆ. ಕೊನೆಗೆ ಹಲ್ಲು ಕಚ್ಚಿಕೊಂಡು ಮೇಲಧಿಕಾರಿಗೆ ಫೋನ್ ಮಾಡಿ ನಿಜ ಹೇಳಿದೆ. ಮನೆಯಲ್ಲೇ ಇರಿ ಎಂದು ಮರಾಠಿಯಲ್ಲಿ ಹೇಳಿ ಅವರು ಫೋನ್ ಇಟ್ಟರು.

ನನ್ನ ಬಾಟಲಿಗಳು ಮೈಸೂರಿನ ಹೊಸ ಸಹೋದ್ಯೋಗಿಯ ಕೈಗೆ ಹೋದವು. ಅವನ ಆತುರ ಕಂಡರೆ ನನಗೆ ಮೈಯುರಿ.

“ಮೇಡಂ, ಕೋಶ ಎಲ್ಲಾ ಕಳಚಿ ಬಿದ್ದೋಗಿದೆ. ವೈರಸ್ ಹಾರ್ವೆಸ್ಟ್ ಮಾಡ್ಲಾ?” ಎಂದು ಲ್ಯಾಬಿನಿಂದ ಫೋನ್ ಮಾಡಿ ಕೇಳಿದ.

“ತಡಿ. ವೈರಸ್ ಹಾಕದ ಬಾಟ್ಲಿ ನೋಡು. ಅದ್ರಾಗೂ ಬಿದ್ದಾವೇನು?”

ಅದರಲ್ಲೂ ಬಿದ್ದಿದ್ದರೆ ಕೋಶಗಳು ಬೇರೇನೋ ಕಾರಣಕ್ಕೆ ಸತ್ತಂತೆ. ನನ್ನ ಶ್ರಮವೆಲ್ಲ ಮಣ್ಣುಪಾಲು. ಅವನು ನೋಡಲು ಹೋದ. ಅಡುಗೆಮನೆಯಲ್ಲಿ ಕಾಲು ಕಟ್ಟಿಸಿಕೊಂಡ ಕೋಳಿ ಒಂದೇ ಸಮನೆ ಕೊಕ್ ಕೊಕ್ ಎನ್ನುತ್ತಿತ್ತು. ಅದರ ಕುತ್ತಿಗೆ ಹಿಸುಕಬೇಕೆನಿಸಿತು.

“ಇಲ್ಲ ಮೇಡಂ, ಅದ್ರಲ್ಲಿ ನೀಟಾಗಿ ಅಂಟ್ಕೊಂಡಿವೆ.”

“ಹಂಗಾರ ತೆಗಿ.”

ಫೋನ್ ಇಟ್ಟೆ. ವೈರಸ್ ಹತ್ತಿತ್ತು. ಆದರೆ ಅದನ್ನು ನಾನು ಕಣ್ಣಾರೆ ನೋಡಲಿಲ್ಲ, ಅವನು ನೋಡಿದ. ಆ ಹೊಟ್ಟೆಯುರಿಯೆಲ್ಲ ಅತ್ತೆಯ ಮೇಲೆ ತಿರುಗಿತು.

“ಇಲ್ಲಿ ಕೋಳಿ ಸಿಗಂಗಿಲ್ಲೇನ್ರಿ? ಅಲ್ಲಿಂದ ಯಾಕ ಹೊತ್ಕೊಂಡು ಬಂದ್ರಿ?”

ಅತ್ತೆಯ ಮುಖ ಸಣ್ಣದಾಯಿತು. “ಹೋದ ವಾರ ಕೊಕ್ಕರಿ ರೋಗ ಬಂದು ಹಿತ್ತಲದಾಗಿನ ಕೋಳಿ ಎಲ್ಲಾ ಸತ್ತು ಹೋದ್ವು ಯವ್ವಾ. ಇದೊಂದ ಉಳೀತು. ನಿನಗಂತ ತಂದೆ.”

ಕೊಕ್ಕರೆ ರೋಗದ ವೈರಸ್ ಕೂಡ ನಮ್ಮ ಕೋಶಗಳನ್ನು ಹಾಗೆಯೇ ಕಳಚುತ್ತದೆ. ಸುಮ್ಮನೆ ಹೋಗಿದ್ದರೆ ನನ್ನ ಮೈಮೇಲೆ ಕೂತು ಅದೂ ಆ ಕೋಣೆಗೆ ಬರುತ್ತಿತ್ತು. ಮತ್ತೆ ಕೈ ತೊಳೆಯಲು ಎದ್ದೆ.

“ಎಷ್ಟ ತೊಳಿತಿ, ಕೂಡು. ಕೈ ಎಷ್ಟು ತಣ್ಣಗಾಗ್ಯಾವ ನೋಡು,” ಎನ್ನುತ್ತ ಅತ್ತೆ ಕೋಳಿಯ ಕಾಲು ಕಟ್ಟಿದ ಕೈಗಳಿಂದಲೇ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು.