ಪಾಪ, ಬಾಳ ಇನ್ನೋಸೆಂಟ್

ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದವನನ್ನು ಹಳೇಬೀಡಿನ ಜನ ಮರೆತುಬಿಡುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಮಾತ್ರೆಯ ಡಬ್ಬಿ ಓದಿಸುವುದಕ್ಕೆ, ಮಿಕ್ಸಿಯ ಗ್ಯಾರಂಟಿ ಮುಗಿದಿದೆಯೇ ಎಂದು ಕೇಳುವುದಕ್ಕೆ ಈಗಲೂ ಬರುತ್ತಾರೆ. ಹೋದ ತಿಂಗಳು ಅರಸೀಕೆರೆಯಿಂದ ನಮ್ಮ ಭಾವ ಬಂದದ್ದು ಮಾತ್ರ ಒಂದೇ ಒಂದು ಪದಕ್ಕಾಗಿ. ಚಪ್ಪಲಿ ಬಿಡುವ ಮುಂಚೆಯೇ ಕೇಳಿದರು.

"ಇನ್ನೋಸೆಂಟ್ ಅಂದ್ರೆ ಏನೋ ಮೇಷ್ಟ್ರೇ? ಹೊಗಳಿಕೆಯೋ, ಬೈಗುಳವೋ?"

ವಿಷಯ ಇಷ್ಟು. ಅವರ ಮಗಳು ಸವಿತಾ ಅರಸೀಕೆರೆಯ ಒಂದು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಹಗರೆಯಿಂದ ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋಗಿದ್ದರು. ಕೊಟ್ಟಿಗೆ ತುಂಬ ಹಸುಗಳಿರುವ ಮನೆ. ಹಾಲು ಕರೆಯೋಕೆ ಬರುತ್ತಾ ಎಂದು ಕೇಳಿದರೆ ಬರುತ್ತೆ ಅನ್ನು ಎಂದು ನಮ್ಮಕ್ಕ ಮೊದಲೇ ಹೇಳಿಕೊಟ್ಟಿದ್ದಳು. ಗಂಡಿನ ತಾಯಿ ಅದನ್ನೇ ಕೇಳಿದರು. ಸವಿತಾ, "ಬರುತ್ತೆ ಅನ್ನು ಅಂತ ಅಮ್ಮ ಹೇಳಿದಾರೆ, ಆದ್ರೆ ಬರಲ್ಲ" ಎಂದಳಂತೆ. ಆ ತಾಯಿ ಊರಿಗೆ ಹೋಗಿ ಫೋನ್ ಮಾಡಿ, "ನಿಮ್ ಹುಡುಗಿ ಪಾಪ, ಬಾಳ ಇನ್ನೋಸೆಂಟ್ ಕಣ್ರೀ" ಎಂದಿದ್ದರು. ಪೆದ್ದಿ ಎಂದ ಹಾಗಾಯಿತೆಂದು ಭಾವನಿಗೆ ಉರಿದುಹೋಗಿತ್ತು. ಬೈಗುಳವಾದರೆ ಸಂಬಂಧವೇ ಬೇಡ. ತೀರ್ಪು ನನ್ನದು.

ನಾನು ದಪ್ಪ ನಿಘಂಟನ್ನು ಕೆಳಗಿಳಿಸಿದೆ. ಇನ್ನೋಸೆಂಟ್ ಎಂದರೆ ಏನೂ ತಿಳಿಯದವರು ಎಂದು ಬಹಳ ಜನ ನಂಬಿದ್ದಾರೆ. ಮೂಲದಲ್ಲಿ ಹಾಗಿಲ್ಲ. ಲ್ಯಾಟಿನ್ನಿನಲ್ಲಿ 'ನೊಕೇರೆ' ಎಂದರೆ ನೋಯಿಸು, ಮುಂದೆ ಸೇರಿದ 'ಇನ್' ಎಂದರೆ ಇಲ್ಲ. ನಮ್ಮ ನೋವಿಗೂ ಅದಕ್ಕೂ ಏನೂ ನಂಟಿಲ್ಲ, ಇದ್ದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಅಂತೂ ಇನ್ನೋಸೆಂಟ್ ಎಂದರೆ ಯಾರನ್ನೂ ನೋಯಿಸದವರು. ಆ ಲೆಕ್ಕದಲ್ಲಿ ನಮ್ಮ ಬಸ್ತಿಹಳ್ಳಿಯ ಬಸದಿಯಲ್ಲಿ ನಿಂತಿರುವ ತೀರ್ಥಂಕರರಿಗೆ ಸಲ್ಲಬೇಕಾದ ಪದ ಅದು. ಆ ಎತ್ತರದ ಮೂರ್ತಿಯನ್ನು ನೋಡಿ ಪೆದ್ದ ಎಂದವರನ್ನು ನಾನಂತೂ ಕಂಡಿಲ್ಲ. ಎಡವಟ್ಟು ಇರುವುದು ನಮ್ಮ ಪದಗಳಲ್ಲಿ. 'ಮುಗ್ಧ' ಎನ್ನುತ್ತೇವೆ, ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ದಿಕ್ಕು ತೋಚದವನು. ಪಾಪ ಮಾಡದವನನ್ನು ಪಾಪದವನು ಎನ್ನುತ್ತೇವೆ. ಮಾಡಿದವನನ್ನು ಘಾಟಿ ಆಸಾಮಿ ಎಂದು ಮೆಚ್ಚಿಕೊಳ್ಳುತ್ತೇವೆ.

ಭಾವ ಅರ್ಧ ತಣ್ಣಗಾದರು. ಮಗಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಸವಿತಾ ಪೂರ್ತಿ ಕೇಳಿದಳು.

"ಮಾವ, ನೋಯಿಸದೋಳು ಅಂದ್ರೆ, ಏನಂದ್ರೂ ತಿರುಗಿ ಮಾತಾಡದೋಳು ಅಂತ ತಾನೆ ಅವರ ಲೆಕ್ಕ? ಪೆದ್ದಿ ಅಂದಿದ್ರೇ ವಾಸಿಯಿತ್ತು. ಇರಿ, ನಾನೇ ಹುಡುಗನ ಅಮ್ಮನ್ನ ಕೇಳ್ತೀನಿ."

ಫೋನ್ ಇಟ್ಟುಬಿಟ್ಟಳು. "ಕೆಟ್ಟಿತು ಸಂಬಂಧ" ಎಂದು ಭಾವ ಗೋಡೆಗೆ ಒರಗಿದರು. ಎತ್ತಿ ಆಡಿಸಿದ ಹುಡುಗಿ. ಅವಳ ಮದುವೆಗೆ ನನ್ನ ಲ್ಯಾಟಿನ್ ಕಲ್ಲು ಹಾಕಿತಲ್ಲ ಎಂದು ನಿಘಂಟನ್ನು ಮುಚ್ಚಿದೆ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಇಬ್ಬರೂ ಅದನ್ನು ಔಷಧಿಯಂತೆ ಕುಡಿದೆವು. ಅಷ್ಟರಲ್ಲಿ ಸವಿತಾಳ ಫೋನ್ ಬಂತು.

"ನಾನು ತಿರುಗಿ ಮಾತಾಡೋಳು, ಆಮೇಲೆ ಬೇಜಾರು ಮಾಡ್ಕೋಬೇಡಿ ಅಂತ ಹೇಳ್ದೆ ಮಾವ."

"ಅದಕ್ಕೆ ಏನಂದ್ರಮ್ಮ?"

"'ಸದ್ಯ ಕಣವ್ವ. ಈ ಮನೇಲಿ ಇನ್ನೋಸೆಂಟ್ ಅನ್ನಿಸ್ಕೊಂಡು ನಾನೊಬ್ಳು ಇದೀನಲ್ಲ, ಸಾಕು' ಅಂದ್ರು."

ಭಾವ ನನ್ನ ಮುಖ ನೋಡಿದರು. ನಾನು ನಿಘಂಟು ನೋಡಿದೆ. ಕೊನೆಗೆ ಭಾವನೇ ಮೆಲ್ಲಗೆ ಕೇಳಿದರು.

"ಹಂಗಾರೆ ಒಪ್ಪಿಗೇನೇನಮ್ಮ?"

"ಅತ್ತೆ ನಂಗೆ ಒಪ್ಪಿಗೆ ಅಪ್ಪ. ಹುಡುಗನ್ನ ಇನ್ನೊಂದ್ಸಲ ನೋಡ್ಬೇಕು."