ಸರ್ ಹೇಳಿದ ಸಾಕ್ಷಿ

“ಹುಡುಗಿ ಭಾಳ ವಾದ ಮಾಡ್ತಾಳಂತಲ್ರಿ, ಸರ್?”

ನನ್ನನ್ನು ನೋಡಿಹೋಗಿದ್ದ ಹುಡುಗನ ಅಪ್ಪ ಉಮದಿಯಿಂದ ಕಾಲೇಜಿಗೇ ಬಂದು ನಮ್ಮ ಇತಿಹಾಸದ ಪ್ರಾಧ್ಯಾಪಕರನ್ನು ಕೇಳುತ್ತಿದ್ದರು. ಚರ್ಚಾಸ್ಪರ್ಧೆಯ ತಯಾರಿಗೆಂದು ಬಂದ ನಾನು ಬಾಗಿಲಾಚೆಯೇ ನಿಂತೆ. ಹುಡುಗ ನನಗೆ ಹಿಡಿಸಿದ್ದ. ಈಗ ಎಲ್ಲವೂ ಸರ್ ಉತ್ತರದ ಮೇಲಿತ್ತು.

“ಮಾಡ್ತಾಳ್ರಿ. ಆದ್ರ ತಪ್ಪು ತೋರಿಸಿದ್ರ ಒಪ್ಕೋತಾಳ. ನಿಮ್ಮ ಮಗಾ ಒಪ್ಕೋತಾನೇನ್ರಿ?”

ಹಿರಿಯರು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. “ಅಂವಾ ನನ್ನ ಮಗಾ ಅದಾನ್ರಿ, ಕಷ್ಟ ಐತಿ. ಸೊಸಿಯಾದ್ರೂ ಒಪ್ಕೊಳ್ಳಾಕಿ ಬರ್ಲಿ ಬಿಡ್ರಿ.”

ಸಂಬಂಧ ಗಟ್ಟಿಯಾಯಿತು. ಆದರೆ ಮೂರು ವರ್ಷದಲ್ಲಿ ಸರ್ ಎದುರು ನಾನು ಒಮ್ಮೆಯೂ ತಪ್ಪು ಒಪ್ಪಿಕೊಂಡವಳಲ್ಲ. ಪುರಾವೆಯಿಲ್ಲದೆ ಮಾತಾಡಬೇಡ ಎಂದು ಕಲಿಸಿದವರೇ ಪುರಾವೆಯಿಲ್ಲದೆ ನನ್ನ ಪರ ನಿಂತರು. ಅವರ ಮಾತು ಉಳಿಸಲು ಮದುವೆಗೆ ಮೊದಲು ಒಂದು ತಪ್ಪನ್ನಾದರೂ ಒಪ್ಪಿಕೊಳ್ಳಬೇಕು, ಅಂಥದ್ದೊಂದು ಸಿಗಬೇಕಲ್ಲ.